ಗುಡ್ಡವಿಲ್ಲದ ಡೊಂಗರಿ, ಮಗ್ಗವಿಲ್ಲದ ಡಂಗರಿ

ಮುಂಬಯಿಯ ಮಹಮ್ಮದ್ ಅಲಿ ರಸ್ತೆಯಿಂದ ಒಳಗೆ ಸರಿದ ಒಂದು ಗಲ್ಲಿ. ಮಕ್ಕಳ ಬಟ್ಟೆಯಂಗಡಿಯ ಮುಂದೆ ಹಗ್ಗಕ್ಕೆ ಸಾಲಾಗಿ ನೇತುಹಾಕಿದ್ದ ಪುಟ್ಟ ನೀಲಿ ಉಡುಪುಗಳು ಗಾಳಿಗೆ ಕಾಲಾಡಿಸುತ್ತಿದ್ದವು. ಎದೆಯ ಮೇಲೊಂದು ಚೌಕ ಜೇಬು, ಬೆನ್ನಿನಿಂದ ಹೆಗಲು ದಾಟಿ ಬಂದು ಹಿತ್ತಾಳೆ ಬಣ್ಣದ ಬಕಲಿಗೆ ಸಿಕ್ಕಿಕೊಳ್ಳುವ ಎರಡು ಪಟ್ಟಿ. ತಂಗಿಯ ಮೊಮ್ಮಗನಿಗೆ ಒಂದು ಕೊಳ್ಳೋಣವೆಂದು ನಿಂತೆ. “ಡಂಗ್ರೀಸ್ ಅಂಕಲ್, ಎರಡು ವರ್ಷದ ಮಗುವಿಗೆ ಸರಿಹೋಗುತ್ತೆ” ಎಂದ ಅಂಗಡಿಯ ಹುಡುಗ, ಮುಂಬಯಿ ಹಿಂದಿಯಲ್ಲಿ. ಈ ಹೆಸರು ಎಲ್ಲಿಯದು ಗೊತ್ತೇನಪ್ಪ ಎಂದು ಕೇಳಿದೆ. “ಫಾರಿನ್‌ದು” ಎಂದ, ಯೋಚಿಸುವ ಗೋಜಿಗೇ ಹೋಗದೆ. ಅವನು ನಿಂತಿದ್ದ ಕಟ್ಟೆಯಿಂದ ಡೊಂಗರಿಗೆ ಹತ್ತು ನಿಮಿಷದ ನಡಿಗೆ.

ಹುಡುಗನದು ಪೂರ್ತಿ ತಪ್ಪಲ್ಲ. ಪದ ಫಾರಿನ್ನಿಗೆ ಹೋಗಿ ಬಂದದ್ದು ನಿಜ. ಹೊರಟ ಊರು ಮಾತ್ರ ಇದೇ.

ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಜನರ ನಡುವೆ ದಾರಿ ಮಾಡಿಕೊಂಡು ನಡೆದರೆ ಡೊಂಗರಿ ಸಿಗುತ್ತದೆ. ಮರಾಠಿಯಲ್ಲಿ ಡೊಂಗರ ಎಂದರೆ ಗುಡ್ಡ, ಡೊಂಗರಿ ಎಂದರೆ ಸಣ್ಣ ಗುಡ್ಡ. ಆದರೆ ಚಾರ್ ನಲ್‌ನಿಂದ ಉಮರ್‌ಖಾಡಿಯವರೆಗೆ ಸುತ್ತಿದರೂ ಉಸಿರು ಕಟ್ಟಿಸುವ ಒಂದು ಏರು ಇಲ್ಲ. ಖಾಡಿ ಎಂದರೆ ಸಮುದ್ರದ ಹಿನ್ನೀರು. ಉಮರ್‌ಖಾಡಿಯಲ್ಲಿ ಅದೂ ಇಲ್ಲ. ಮರಾಠಿ ಓದುಗರಿಗಾದರೋ ಡೊಂಗರಿ ಎಂದೊಡನೆ ನೆನಪಾಗುವುದು ಜೈಲು. 1882ರಲ್ಲಿ ಬಾಲಗಂಗಾಧರ ತಿಲಕರೂ ಅವರ ಒಡನಾಡಿ ಅಗರಕರರೂ 101 ದಿನ ಸೆರೆಯಲ್ಲಿದ್ದದ್ದು ಅಲ್ಲಿಯೇ. ಇಂಗ್ಲಿಷ್ ನಿಘಂಟಿಗೆ ಮಾತ್ರ ಈ ಹೆಸರು ಜೈಲನ್ನಲ್ಲ, ಒಂದು ಒರಟು ಬಟ್ಟೆಯನ್ನು ನೆನಪಿಸುತ್ತದೆ.

ನಿಘಂಟಿನಲ್ಲಿಲ್ಲದ ಮಾತು

ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಬಳಕೆಯಾಗುತ್ತಿದ್ದ ದೇಶೀ ಪದಗಳನ್ನು ಒಟ್ಟುಮಾಡಿ, ಒಂದೊಂದರ ಜಾತಕ ಬರೆದ ದೊಡ್ಡ ಕೋಶ ‘ಹಾಬ್ಸನ್-ಜಾಬ್ಸನ್’. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸೇರಿ ಮಾಡಿದ ಈ ಕೆಲಸ 1886ರಲ್ಲಿ ಪ್ರಕಟವಾಯಿತು. ಬರ್ನೆಲ್ ನಮಗೆ ಹೊರಗಿನವನಲ್ಲ. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಭೂತಾರಾಧನೆಯ ಸಾಮಗ್ರಿಯನ್ನು ಕಲೆಹಾಕಿದವನು. ದಕ್ಷಿಣ ಭಾರತದ ಲಿಪಿಗಳನ್ನು ಕುರಿತ ಅವನ ಪುಸ್ತಕ 1874ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಕೋಶ ಹೊರಬರುವ ನಾಲ್ಕು ವರ್ಷ ಮೊದಲೇ, 1882ರಲ್ಲಿ, ಅವನು ತೀರಿಕೊಂಡ.

ಇಂಥ ಇಬ್ಬರು ಪಂಡಿತರೂ ಡಂಗರಿಯ ಎದುರು ಕೈಚೆಲ್ಲಿದರು. ಇದು ಕೀಳುದರ್ಜೆಯ ದಪ್ಪ ಹತ್ತಿ ಬಟ್ಟೆ, ತಮಗೆ ಗೊತ್ತಿರುವ ಯಾವ ನಿಘಂಟಿನಲ್ಲೂ ಈ ಪದ ಇಲ್ಲ ಎಂದು ಬರೆದರು. ವಿಚಿತ್ರವೆಂದರೆ ಉತ್ತರ ಆಗಲೇ ಅಚ್ಚಾಗಿ ಕಪಾಟಿನಲ್ಲಿ ಕೂತಿತ್ತು. ಜೇಮ್ಸ್ ಮೋಲ್ಸ್‌ವರ್ತ್ 1831ರಲ್ಲಿ ಮರಾಠಿ-ಇಂಗ್ಲಿಷ್ ನಿಘಂಟು ತಂದಿದ್ದ, 1857ರಲ್ಲಿ ಅದನ್ನು ಹಿಗ್ಗಿಸಿದ್ದ. ‘ಡೊಂಗರಿ ಕಾಪಡ’ ಎಂಬ ಮಾತು ಅವನ ಕೋಶದಲ್ಲಿತ್ತು. 1903ರಲ್ಲಿ ಹಾಬ್ಸನ್-ಜಾಬ್ಸನ್‌ನ ಎರಡನೆಯ ಮುದ್ರಣವನ್ನು ತಿದ್ದಿ ಸಿದ್ಧಪಡಿಸಿದ ವಿಲಿಯಂ ಕ್ರೂಕ್ ಅದನ್ನು ಹುಡುಕಿ ತೆಗೆದು, ಹಿರಿಯರ ಮಾತಿನ ಪಕ್ಕದಲ್ಲಿ ಚೌಕ ಕಂಸ ಹಾಕಿ ಸೇರಿಸಿದ.

ಮೋಲ್ಸ್‌ವರ್ತ್ ಕೊಟ್ಟ ವಿವರಣೆಯ ಸಾರ ಇಷ್ಟು: ಮುಂಬಯಿಯ ಡೊಂಗರಿ ಕಿಲ್ಲೆಗೆ ತಾಗಿದ ಪೇಟೆಯಲ್ಲಿ ಮಾರುತ್ತಿದ್ದ ನಾಡಬಟ್ಟೆಗೆ ಮೊದಲು ಈ ಹೆಸರಿತ್ತು, ಆಮೇಲೆ ಯಾವುದೇ ಅಗ್ಗದ ಹತ್ತಿ ಬಟ್ಟೆಗೂ ಅಂಟಿಕೊಂಡಿತು. ಇಲ್ಲಿ ಬೆರಳಿಟ್ಟು ಓದಬೇಕಾದ ಪದ ಒಂದಿದೆ. ಪೇಟೆಯಲ್ಲಿ ‘ನೇಯುತ್ತಿದ್ದ’ ಎಂದಲ್ಲ, ‘ಮಾರುತ್ತಿದ್ದ’ ಎಂದು ಅವನು ಹೇಳುತ್ತಾನೆ.

ಬಟ್ಟೆಯ ಗುಣವನ್ನೂ ಹಾಬ್ಸನ್-ಜಾಬ್ಸನ್ ಹೇಳುತ್ತದೆ. ಹಾಸಿನಲ್ಲೂ ಹೊಕ್ಕಿನಲ್ಲೂ ಎರಡು ಅಥವಾ ಹೆಚ್ಚು ಎಳೆಗಳನ್ನು ಜೊತೆಮಾಡಿ ನೇಯ್ದದ್ದು ಡಂಗರಿ. ಮಗ್ಗ ಕಂಡವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ. ಲಾಳಿ ಒಂದೇ ಎಳೆಯನ್ನು ಎಳೆದುಕೊಂಡು ಓಡಿದರೆ ಬಟ್ಟೆ ಹಗುರ, ಬೆಳಕಿಗೆ ಹಿಡಿದರೆ ಆಚೆಬದಿಯ ಬೆರಳು ಕಾಣುತ್ತದೆ. ಜೋಡಿ ಎಳೆ ಓಡಿತೋ, ಬಟ್ಟೆ ಗಡಸಾಗುತ್ತದೆ. ಗಾಳಿಯನ್ನು ತಡೆಯುತ್ತದೆ, ಉಜ್ಜಿದರೆ ಬೇಗ ಸವೆಯುವುದಿಲ್ಲ. ಇದರಲ್ಲಿ ಕೊಂಚ ನಯವಾದದ್ದು ಬಡವರ ಮೈಮೇಲೆ ಹೋಯಿತು, ಒರಟಾದದ್ದು ದೋಣಿಯ ಹಾಯಿಗೂ ಡೇರೆಗೂ ಹೋಯಿತು.

ಗುಡ್ಡದ ಬೇರು

ಡೊಂಗರ ಎಂಬ ಪದವನ್ನು ಇನ್ನೂ ಕೆಳಕ್ಕೆ ಅಗೆದರೆ ಸಂಸ್ಕೃತದ ಕಲ್ಲು ಸಿಗುವುದಿಲ್ಲ. ಗಿರಿ, ಶೈಲ, ಅದ್ರಿ, ಪರ್ವತ ಎಂದು ಕಾವ್ಯದಲ್ಲಿ ಮೆರೆದ ಮಾತುಗಳ ಪಂಕ್ತಿಯಲ್ಲಿ ಇದಕ್ಕೆ ಎಲೆ ಹಾಕಿರಲಿಲ್ಲ. 12ನೇ ಶತಮಾನದಲ್ಲಿ ಗುಜರಾತಿನ ಜೈನ ಪಂಡಿತ ಹೇಮಚಂದ್ರ ಜನರ ಮಾತಾಗಿದ್ದ ಅಪಭ್ರಂಶಕ್ಕೆ ವ್ಯಾಕರಣ ಬರೆದಾಗ, ಅವನು ಕೊಟ್ಟ ಉದಾಹರಣೆಯ ಪದ್ಯಗಳಲ್ಲಿ ‘ಡುಂಗರ’ ಬರುತ್ತದೆ. ಗುಜರಾತಿಯ ಡುಂಗರ, ಮರಾಠಿಯ ಡೊಂಗರ, ರಾಜಸ್ಥಾನದ ಡೂಂಗರ್‌ಪುರದ ಹೆಸರಿನ ಮೊದಲರ್ಧ ಎಲ್ಲವೂ ಆ ಬಳ್ಳಿಯವೇ. ಒಂದು ಶತಮಾನದ ಮೇಲೆ ಕನ್ನಡದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನ ಮುಂದೆ ಈ ಪದವಿಟ್ಟಿದ್ದರೆ, ತತ್ಸಮವೂ ಅಲ್ಲ ತದ್ಭವವೂ ಅಲ್ಲ ಎಂದು ದೇಶ್ಯದ ಬುಟ್ಟಿಗೆ ಹಾಕುತ್ತಿದ್ದನೋ ಏನೋ. ಆಸ್ಥಾನಕ್ಕೆ ಸಲ್ಲದ, ಕುರಿ ಮೇಯಿಸುವವರಿಗೂ ಸೌದೆ ಹೊರುವವರಿಗೂ ಬೇಕಾದ ಪದ ಇದು. ಮುಂದೆ ಆಸ್ಥಾನಕ್ಕೆ ಸಲ್ಲದ ಒಂದು ಬಟ್ಟೆಗೆ ಹೆಸರಾಯಿತು.

ಇಂಗ್ಲಿಷಿನಲ್ಲಿ ಅದರ ಉಚ್ಚಾರ ಕೆಟ್ಟದ್ದು ಕಾಗುಣಿತದಿಂದ. ಹಿಂದಿಯ ‘ಡುಂಗ್ರಿ’ಯಲ್ಲಿರುವ ಉಕಾರವನ್ನು ಇಂಗ್ಲಿಷರು ತಮ್ಮ ‘ಯು’ ಅಕ್ಷರ ಹಾಕಿ ಬರೆದರು. ಅದೇ ಅಕ್ಷರವನ್ನು ಅವರು ‘ಕಪ್’ ‘ಸನ್’ ಎಂಬಲ್ಲಿ ಅಕಾರದಂತೆ ಓದುತ್ತಾರಷ್ಟೆ. ಬರೆದದ್ದು ಡುಂಗರಿ, ಓದಿದ್ದು ಡಂಗರಿ. ಮಹಮ್ಮದ್ ಅಲಿ ರಸ್ತೆಯ ಹುಡುಗನ ಕಿವಿಗೆ ಅದು ಫಾರಿನ್ನಿನಂತೆ ಕೇಳಿಸಿದ್ದು ಈ ಒಂದು ಸ್ವರದ ದೆಸೆಯಿಂದ.

ತಾರೀಖಿನ ತಕರಾರು

ಇಲ್ಲಿಯವರೆಗೆ ಕತೆ ಸಲೀಸು. ತೊಡಕು ಬರುವುದು 1613ರಲ್ಲಿ.

ಆ ವರ್ಷ ಈಸ್ಟ್ ಇಂಡಿಯಾ ಕಂಪನಿಯ ಕಪ್ತಾನ ಜಾನ್ ಸ್ಯಾರಿಸ್ ಮೊಲುಕ್ಕ ದ್ವೀಪಗಳಲ್ಲಿ ಲವಂಗ ಕೊಳ್ಳುತ್ತಿದ್ದ. ಅವನ ಹಡಗಿನ ಹೆಸರೂ ‘ಕ್ಲೋವ್’, ಅಂದರೆ ಲವಂಗವೇ. ಜಪಾನಿನ ದಡ ಮುಟ್ಟಿದ ಮೊದಲ ಇಂಗ್ಲಿಷ್ ಹಡಗು ಅದು. ಆ ದ್ವೀಪಗಳ ಜನಕ್ಕೆ ನಾಣ್ಯಕ್ಕಿಂತ ಭಾರತದ ಬಟ್ಟೆ ಮುಖ್ಯವಾಗಿತ್ತು. ಯಾವ ಬಟ್ಟೆಗೆ ಎಷ್ಟು ಕಾಟಿ (ಅಲ್ಲಿಯ ಒಂದು ತೂಕ) ಲವಂಗ ಎಂದು ಸ್ಯಾರಿಸ್ ಪಟ್ಟಿ ಬರೆದಿಟ್ಟ. ಖಂಬಾತದ ಕಡೆಯ ಬಟ್ಟೆ, ಕೋರಮಂಡಲದ ಬಟ್ಟೆ ಎಂದು ಸಾಗುವ ಆ ಪಟ್ಟಿಯಲ್ಲಿ ಡೊಂಗರಿಯೂ ಇದೆ. ಅದರಲ್ಲಿ ಮೇಲ್ದರ್ಜೆಯದಕ್ಕೆ 12 ಕಾಟಿ ಲವಂಗ. ಬರೂಚಿನ ಒಂದು ಬಟ್ಟೆಗೆ ಸಿಕ್ಕಿದ್ದು ಅದರ ಅರ್ಧ.

1613ರಲ್ಲಿ ಮುಂಬಯಿ ಎಂಬ ಪಟ್ಟಣ ಎಲ್ಲಿತ್ತು? 1534ರಿಂದ ಪೋರ್ಚುಗೀಸರ ಕೈಲಿದ್ದ ಏಳು ದ್ವೀಪಗಳು, ತೆಂಗಿನ ತೋಟ, ಕೋಳಿ ಜನಾಂಗದ ಬೆಸ್ತರ ಮೀನುಬಲೆ. ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸನಿಗೆ ಇದು ಬಳುವಳಿಯಾಗಿ ಬಂದದ್ದು 1661ರ ಮದುವೆ ಒಪ್ಪಂದದಲ್ಲಿ. ವರ್ಷಕ್ಕೆ 10 ಪೌಂಡ್ ಗೇಣಿಗೆ ಅದನ್ನು ಅವನು ಕಂಪನಿಗೆ ಬಿಟ್ಟುಕೊಟ್ಟದ್ದು 1668ರಲ್ಲಿ. ಅಂದರೆ ಊರು ಪೇಟೆಯಾಗುವ ಅರ್ಧ ಶತಮಾನಕ್ಕೆ ಮೊದಲೇ ಆ ಪೇಟೆಯ ಹೆಸರು ಹೊತ್ತ ಬಟ್ಟೆ ಜಾವಾದಾಚೆಯ ದ್ವೀಪಗಳಲ್ಲಿ ಲವಂಗಕ್ಕೆ ತೂಗುತ್ತಿತ್ತು.

ಬಟ್ಟೆಗೆ ಹೆಸರು ಕೊಟ್ಟದ್ದು ಡೊಂಗರಿ ಎಂಬ ಊರು ಎಂದು ಇಂಗ್ಲಿಷ್ ನಿಘಂಟುಗಳು ಮುದ್ರೆ ಒತ್ತಿವೆ. ನನಗೆ ಇನ್ನೊಂದು ದಾರಿಯೂ ಕಾಣುತ್ತದೆ. ನಾವು ‘ಗುಡ್ಡಗಾಡಿನವರು’ ಎಂದಾಗ ಒರಟುತನದ ಅರ್ಥವೂ ಅದರಲ್ಲಿ ಬೆರೆತಿರುತ್ತದೆ. ಹಾಗೆಯೇ ‘ಡೊಂಗರಿ ಕಾಪಡ’ ಎಂಬುದು ಮೊದಲು ಗುಡ್ಡದ ಕಡೆಯ ಒರಟು ಬಟ್ಟೆ ಎಂದಿದ್ದು, ಮುಂಬಯಿಯ ಡೊಂಗರಿಯಲ್ಲಿ ಅದರ ವ್ಯಾಪಾರ ಬೆಳೆದ ಮೇಲೆ ಪೇಟೆಯ ಜನ ಹೆಸರನ್ನು ತಮ್ಮ ಗುಡ್ಡಕ್ಕೆ ಕಟ್ಟಿಕೊಂಡಿರಬಹುದು. ಯಾವುದೇ ಇರಲಿ, ಮಗ್ಗ ಮುಂಬಯಿಯದೇ ಆಗಿರಬೇಕೆಂಬ ಹಟ ಇಲ್ಲಿಗೆ ಸಡಿಲುತ್ತದೆ. ಮಗ್ಗ ಹುಡುಕಲು ದಕ್ಷಿಣಕ್ಕೆ ಹಾಯಿ ಬಿಚ್ಚಬೇಕು.

ಕಾರವಾರದ ಸರಕು

1673ರ ಕೊನೆಗೆ ಕಂಪನಿಯ ವೈದ್ಯ ಜಾನ್ ಫ್ರೈಯರ್ ಮುಂಬಯಿಗೆ ಬಂದಿಳಿದ. ಪಶ್ಚಿಮ ಕರಾವಳಿಯ ಯಾವ ವ್ಯಾಪಾರ ಕೋಠಿಯಿಂದ ಯಾವ ಸರಕು ಬರುತ್ತದೆ ಎಂದು ಅವನು ತನ್ನ ಪ್ರವಾಸ ಪುಸ್ತಕದಲ್ಲಿ ಒಂದೊಂದೇ ಹೇಳುತ್ತ ಹೋಗುತ್ತಾನೆ. ಕಾರವಾರದ ಸರದಿ ಬಂದಾಗ ಎರಡೇ ಹೆಸರು: ಡಂಗರಿ, ಮತ್ತು ಎಲ್ಲಕ್ಕಿಂತ ತೂಕದ ಕಾಳುಮೆಣಸು. ಡಂಗರಿ ಕಾರವಾರದ್ದು! ಇದನ್ನು ಮೊದಲ ಸಲ ಓದಿದಾಗ ಪುಟ ಹಿಂದಕ್ಕೆ ತಿರುವಿ ಮತ್ತೊಮ್ಮೆ ಓದಿದೆ.

ಕಾರವಾರದ ಹತ್ತಿರದ ಕಡವಾಡದಲ್ಲಿ ಇಂಗ್ಲಿಷರ ಕೋಠಿ 1638ರಲ್ಲಿ ಶುರುವಾಗಿತ್ತು. ಅದನ್ನು ತೆರೆದದ್ದು ಕಂಪನಿಯ ಎದುರಾಳಿಯಾಗಿದ್ದ ಕೋರ್ಟೀನ್ ಕೂಟ, ಆಮೇಲೆ ಅದು ಕಂಪನಿಯ ಕೈಗೆ ಬಂತು. ಸೋಂದೆ ಸೀಮೆಯ ಮೆಣಸಿನ ಖ್ಯಾತಿಯೇ ಅವರನ್ನು ಕಾಳಿ ನದಿಯ ಮುಖಕ್ಕೆ ಎಳೆದದ್ದು. ಆದರೆ ಮೆಣಸಿನ ಜೊತೆಗೆ ಬಟ್ಟೆಯೂ ಹೇರಳವಾಗಿ ಹಡಗು ಹತ್ತಿತು. ನಯವಾದ ಮಸ್ಲಿನ್, ಮತ್ತು ಅದರ ಬಡ ನೆಂಟನಂತಿದ್ದ ನೀಲಿ ಬಣ್ಣದ ದಪ್ಪ ಡಂಗರಿ.

ಕಾರವಾರ ನೇಕಾರರ ಊರಲ್ಲ. ನೇಕಾರಿಕೆಯ ನಾಡು ಘಟ್ಟದ ಮೇಲೆ, ಹುಬ್ಬಳ್ಳಿ ಮತ್ತು ಸುತ್ತಲಿನ ಪೇಟೆಗಳಲ್ಲಿ ಇತ್ತು. ಅಲ್ಲೆಲ್ಲ ಸೇರಿ 50,000 ನೇಕಾರರು ಕೆಲಸದಲ್ಲಿದ್ದರು ಎಂದು 19ನೇ ಶತಮಾನದ ಬಾಂಬೆ ಗೆಜೆಟಿಯರ್ ಬರೆಯುತ್ತದೆ. ತಲೆ ಎಣಿಸಿದ ಲೆಕ್ಕವಲ್ಲದಿದ್ದರೂ, ಮಗ್ಗದ ಸದ್ದು ಊರಿನ ಸದ್ದೇ ಆಗಿದ್ದಿತೆಂಬುದಕ್ಕೆ ಅದು ಸಾಕು. ಹೇರೆತ್ತುಗಳ ಬೆನ್ನ ಮೇಲೆ ಬಟ್ಟೆಯ ಗಂಟುಗಳು ಕಾಡು ದಾಟಿ, ಘಟ್ಟ ಇಳಿದು, ಕೋಠಿಯ ಉಗ್ರಾಣ ಸೇರುತ್ತಿದ್ದವು. ಬಿಜಾಪುರದ ಆದಿಲಶಾಹಿಗಳ ಹಿಡಿತ ಸಡಿಲಗೊಳ್ಳುತ್ತಿದ್ದ ಕಾಲ ಅದು. ದಾರಿಗೆ ಯಾವ ಭರವಸೆಯೂ ಇರಲಿಲ್ಲ. 1665ರಲ್ಲಿ ಶಿವಾಜಿಯ ದಂಡು ಕಾರವಾರಕ್ಕೆ ಬಂದು ಕಪ್ಪ ಕೇಳಿತು, ಇಂಗ್ಲಿಷರು ತಮ್ಮ ಪಾಲಿಗೆ 112 ಪೌಂಡ್ ತೆತ್ತರು. 1673ರಲ್ಲಿ ಮರಾಠರು ಹುಬ್ಬಳ್ಳಿಯನ್ನೇ ಲೂಟಿ ಮಾಡಿದರು. ಅಲ್ಲಿದ್ದ ಕಂಪನಿಯ ಮಾಲೂ ಹೋಯಿತು, ಪರಿಹಾರಕ್ಕಾಗಿ ವಾದ-ವಿವಾದ ವರ್ಷಗಟ್ಟಲೆ ನಡೆಯಿತು. ಹುಬ್ಬಳ್ಳಿಯ ಪೇಟೆಯಲ್ಲಿ ಕಂಪನಿ ನೇರವಾಗಿ ಕೈಯಾಡಿಸುತ್ತಿತ್ತು ಎಂಬುದಕ್ಕೆ ಆ ನಷ್ಟದ ತಗಾದೆಯೇ ದಾಖಲೆ.

ಆ ಗಂಟುಗಳನ್ನು ಕಟ್ಟಿದ ಕನ್ನಡದ ನೇಕಾರ ಅದನ್ನು ಏನೆಂದು ಕರೆಯುತ್ತಿದ್ದನೋ, ಆ ಮಾತು ಇಂಗ್ಲಿಷಿಗೆ ಹೋಗಲಿಲ್ಲ. ಕೋಠಿಯ ಗುಮಾಸ್ತ ಲೆಕ್ಕದ ಪುಸ್ತಕದಲ್ಲಿ ಬರೆದದ್ದು ‘ಡಂಗರಿ’. ಹೋದದ್ದು ಅದು.

ಮಾರಿದ ಊರಿನ ಹೆಸರು

ಇದು ಡಂಗರಿಯೊಂದರ ಹಣೆಬರಹವಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. ಬೆಳೆಯುವುದು ಹಾವೇರಿ, ಧಾರವಾಡ, ಗದಗ, ಬಳ್ಳಾರಿಯ ಎರೆ ಹೊಲಗಳಲ್ಲಿ. ಹೆಸರು ಮಾತ್ರ ಮಾರುಕಟ್ಟೆ ಇರುವ ಊರಿನದು. ಕ್ಯಾಲಿಕೊ ಬಟ್ಟೆಗೆ ಹೆಸರು ಕೊಟ್ಟದ್ದು ಕಲ್ಲಿಕೋಟೆಯ ಬಂದರು. ಮೋಕಾ ಕಾಫಿಯ ಮೋಕಾ ಯೆಮನ್ನಿನ ಮರಳು ದಂಡೆ, ಅಲ್ಲಿ ಒಂದು ಕಾಫಿ ಗಿಡ ನಿಲ್ಲುವುದಿಲ್ಲ. ಕೊಳ್ಳುವವನು ಸರಕನ್ನು ಎಲ್ಲಿ ಕಣ್ಣಾರೆ ಕಾಣುತ್ತಾನೋ ಅಲ್ಲಿಯ ಹೆಸರೇ ಅವನ ಬಾಯಿಗೆ ಬರುತ್ತದೆ. ಅದರ ಹಿಂದಿನ ಘಟ್ಟ, ಕಾಡು, ಮಗ್ಗ ಅವನಿಗೆ ಕಾಣುವುದಿಲ್ಲ.

ಕಂಪನಿ ಮುಂಬಯಿಯನ್ನು ಹಿಡಿದ ಮೇಲೆ ಡೊಂಗರಿಯ ಭಾಗ್ಯ ತೆರೆಯಿತು. 1669ರಲ್ಲಿ ಗವರ್ನರ್ ಆದ ಜೆರಾಲ್ಡ್ ಆಂಜಿಯರ್ ವ್ಯಾಪಾರಿಗಳನ್ನೂ ಕಸುಬಿನವರನ್ನೂ ಕರೆಕರೆದು ದ್ವೀಪದಲ್ಲಿ ನೆಲೆಗೊಳಿಸಿದ. ಇಂಗ್ಲಿಷರ ಕೋಟೆಯ ಉತ್ತರಕ್ಕೆ ದೇಶೀಯರ ಪೇಟೆ, ಅದರ ಪಕ್ಕದಲ್ಲೇ ಗುಡ್ಡ. ಪೇಟೆಗೆ ಒಳ್ಳೆಯದಾದ ಗುಡ್ಡ ಕೋಟೆಗೆ ಕಂಟಕವಾಯಿತು. 1689ರಲ್ಲಿ ಜಂಜೀರದ ಸಿದ್ದಿ ಯಾಕೂತ್ ಮುಂಬಯಿಗೆ ನುಗ್ಗಿದಾಗ ಅವನ ಫಿರಂಗಿಗಳು ಹತ್ತಿ ಕೂತದ್ದು ಇದೇ ಡೊಂಗರಿಯ ಮೇಲೆ. ಕೋಟೆಯೊಳಗಿದ್ದ ಇಂಗ್ಲಿಷರು ಒಂದು ವರ್ಷ ತಲೆ ಎತ್ತಲಾಗಲಿಲ್ಲ. ಆ ಪಾಠ ಅವರು ಮರೆಯಲಿಲ್ಲ. 1769ರಲ್ಲಿ ಗುಡ್ಡವನ್ನು ಕಡಿದು ಸಮಮಾಡಿ, ಅಲ್ಲಿ ಜಾರ್ಜ್ ಕೋಟೆ (ಫೋರ್ಟ್ ಜಾರ್ಜ್) ಕಟ್ಟಿದರು. 1862ರಲ್ಲಿ, ನಗರ ಬೆಳೆಯಬೇಕೆಂದು, ಆ ಕೋಟೆಯನ್ನೂ ಕೆಡವಿದರು.

ಅದರ ಒಂದು ಚೂರು ಇಂದಿಗೂ ಉಳಿದಿದೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಹತ್ತಿರ, ಸೇಂಟ್ ಜಾರ್ಜ್ ಆಸ್ಪತ್ರೆಯ ಬೆನ್ನಿಗೆ, ಕಪ್ಪು ಕಲ್ಲಿನ ಗೋಡೆ. ಮಹಾರಾಷ್ಟ್ರ ಸರ್ಕಾರದ ಪುರಾತತ್ವ ಇಲಾಖೆಯ ಕಚೇರಿ ಅದರಲ್ಲೇ ಇದೆ. ಮುಂದೆ ಹಾದುಹೋಗುವ ರಸ್ತೆಗೆ ಕೋಟೆ ಕೆಡವಿಸಿದ ಗವರ್ನರ್ ಫ್ರಿಯರ್‌ನ ಹೆಸರಿತ್ತು. ಈಗ ಅದು ಪಿ. ಡಿಮೆಲ್ಲೊ ರಸ್ತೆ. ದಕ್ಷಿಣ ಕನ್ನಡದಿಂದ ಬಂದು ಮುಂಬಯಿಯ ಬಂದರು ಕಾರ್ಮಿಕರ ಸಂಘ ಕಟ್ಟಿದ ಪ್ಲಾಸಿಡ್ ಡಿಮೆಲ್ಲೊ ಅವರು. ಮಂಗಳೂರಿನ ತರುಣ ಜಾರ್ಜ್ ಫರ್ನಾಂಡಿಸ್ ಮುಂಬಯಿಯಲ್ಲಿ ಚಳವಳಿಯ ಪಾಠ ಕಲಿತದ್ದು ಅವರ ಕೈಕೆಳಗೆ. ಸರಕು ಮಾರಿದ ಊರುಗಳ ಹೆಸರೇ ತುಂಬಿರುವ ಈ ಕತೆಯಲ್ಲಿ, ಸರಕು ಹೊತ್ತವರ ಪರವಾಗಿ ನಿಂತ ಒಂದು ಹೆಸರು ಈ ರಸ್ತೆಯದು.

ಹಡಗು ಹತ್ತಿದ ಪದ

ಗುಡ್ಡ ನೆಲಸಮವಾಗುವ ಹೊತ್ತಿಗೆ ಪದ ಕಡಲು ದಾಟಿ ಎಷ್ಟೋ ಕಾಲವಾಗಿತ್ತು. ಡಾಂಬರು, ಉಪ್ಪುನೀರು, ಹಗ್ಗದ ಉಜ್ಜಾಟ ತಡೆಯುವ ಅಗ್ಗದ ಬಟ್ಟೆ ನಾವಿಕರಿಗೆ ಬೇಕಿತ್ತು, ಡಂಗರಿ ಒದಗಿತು. ಬಟ್ಟೆಯ ಹೆಸರು ಮೆಲ್ಲಗೆ ಅದರಿಂದ ಹೊಲಿದ ಇಜಾರಿನ ಹೆಸರಾಯಿತು, ಎರಡು ಕಾಲಿರುವ ಕಾರಣಕ್ಕೆ ಇಂಗ್ಲಿಷಿನಲ್ಲಿ ಬಹುವಚನವೂ ಆಯಿತು. 1915ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ವಾರ್ವಿಕ್‌ನಿಂದ ಬ್ರಿಸ್ಬೇನ್‌ಗೆ, ಮಹಾಯುದ್ಧಕ್ಕೆ ಜನ ಸೇರಿಸುತ್ತ ನಡೆದ ತರುಣರ ಮೆರವಣಿಗೆಗೆ ಬಂದ ಹೆಸರು ‘ಡಂಗರೀಸ್ ಮಾರ್ಚ್’. ಅವರಿಗೆ ತೊಡಲು ಕೊಟ್ಟಿದ್ದು ನೀಲಿ ಡಂಗರಿ. ಆ ನಡಿಗೆಯವರಲ್ಲಿ ಎಷ್ಟು ಜನಕ್ಕೆ ಮುಂಬಯಿಯ ಗುಡ್ಡ ಗೊತ್ತಿದ್ದೀತು!

ಅಮೆರಿಕದಲ್ಲಿ ಡಂಗರಿಗೆ ಇಬ್ಬರು ದಾಯಾದಿಗಳು ಸಿಕ್ಕಿದರು. ಫ್ರಾನ್ಸಿನ ನೀಮ್ ಊರಿನ ಬಟ್ಟೆ ಎಂಬ ಮಾತು ಸವೆದು ಡೆನಿಮ್ ಆಗಿತ್ತು, ಇಟಲಿಯ ಜಿನೋವಾ ಬಂದರಿನ ಹೆಸರು ಜೀನ್ಸ್ ಆಗಿತ್ತು. ಮೂರು ಊರುಗಳ ಮೂರು ಹೆಸರು ಒಂದೇ ಕೆಲಸದ ಉಡುಪಿನ ಮೇಲೆ ಜಗಳವಾಡಿದವು. ಕೊನೆಗೆ ಲೋಕಕ್ಕೆಲ್ಲ ಜೀನ್ಸ್ ಗೆದ್ದಿತು. ಎದೆಪಟ್ಟಿಯ ಉಡುಪಷ್ಟೇ ಡಂಗರಿಯ ಪಾಲಿಗೆ ಉಳಿಯಿತು.

ಬಣ್ಣಕ್ಕೂ ಇಂಥದೇ ಜಾತಕ. ಸಂಸ್ಕೃತದ ನೀಲ ಅರಬ್ಬಿಗೆ ಹೋಗಿ ‘ಅನ್-ನೀಲ್’ ಆಯಿತು, ಪೋರ್ಚುಗೀಸಿನಲ್ಲಿ ‘ಅನಿಲ್’. 19ನೇ ಶತಮಾನದ ರಸಾಯನಶಾಸ್ತ್ರಜ್ಞರು ನೀಲಿಯಿಂದ ಬಟ್ಟಿ ಇಳಿಸಿದ ಎಣ್ಣೆಗೆ ಅನಿಲಿನ್ ಎಂದು ಹೆಸರಿಟ್ಟರು. ಇಂಡಿಗೊ ಎಂಬ ಇನ್ನೊಂದು ಹೆಸರಂತೂ ಗ್ರೀಕರ ಬಾಯಲ್ಲಿ ‘ಇಂಡಿಯಾದ್ದು’ ಎಂಬ ಅರ್ಥದ್ದು. ಗಿಡ ಬಿತ್ತಿದವನ ಹೆಸರು ಅಲ್ಲಿಯೂ ಇಲ್ಲ.

ಅದೇ ಘಟ್ಟ, ಬೇರೆ ಗಂಟು

19ನೇ ಶತಮಾನದಲ್ಲಿ ಆಟ ತಿರುಗಿತು. ಮ್ಯಾಂಚೆಸ್ಟರಿನ ಅಗ್ಗದ ಬಟ್ಟೆ ಬಂದಿಳಿದ ಮೇಲೆ ಧಾರವಾಡ ಸೀಮೆಯಿಂದ ಘಟ್ಟ ಇಳಿಯತೊಡಗಿದ್ದು ಬಟ್ಟೆಯಲ್ಲ, ಬರಿಯ ಹತ್ತಿ. 1840ರ ದಶಕದಲ್ಲಿ ಅಲ್ಲಿ ಅಮೆರಿಕದ ಬೀಜ ಬಿತ್ತಿ ‘ಧಾರವಾಡ-ಅಮೆರಿಕನ್’ ಎಂಬ ತಳಿಯನ್ನು ನೆಲೆಗೊಳಿಸಿದರು. ನಾಡತಳಿಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯ ಹತ್ತಿ ಬಜಾರಿನಲ್ಲಿ ಅದರ ಹೆಸರು ‘ಕುಮಟಾ’. ಅಡಿಕೆ, ತೆಂಗು, ಮಳೆ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಕುಮಟೆಗೆ ಹತ್ತಿಯ ಕಿರೀಟ! ಬೆಳೆದ ಎರೆ ನೆಲ ಘಟ್ಟದಾಚೆಯೇ ಉಳಿಯಿತು. ಎರಡು ಶತಮಾನದ ಹಿಂದೆ ಕಾರವಾರದ ಗುಮಾಸ್ತ ಮಾಡಿದ್ದನ್ನೇ ಮುಂಬಯಿಯ ದಲಾಲರೂ ಮಾಡಿದರು.

1850ರ ದಶಕದಲ್ಲಿ ಕಾವಸಜಿ ಡಾವರ್ ತಾಡದೇವದಲ್ಲಿ ಮೊದಲ ಹತ್ತಿ ಗಿರಣಿ ತೆರೆದ ಮೇಲೆ ಮುಂಬಯಿಗೆ ತನ್ನದೇ ಮಗ್ಗಗಳು ಬಂದವು. ಗಿರಣಿಗಳ ಭೋಂಗಾ, ಅಂದರೆ ಸೈರನ್, ನಗರದ ಗಡಿಯಾರವಾಯಿತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಷ್ಕರ ಶುರುವಾಯಿತು, ಭೋಂಗಾ ಒಂದೊಂದಾಗಿ ಅಡಗಿತು. ಗಿರಣಿ ನಿಂತ ಜಾಗದಲ್ಲಿ ಈಗ ಮಾಲ್‌ಗಳಿವೆ. ಅಲ್ಲಿ ಡಂಗರೀಸ್ ಗಾಜಿನ ಹಿಂದೆ ತೂಗುತ್ತದೆ, ಬೆಲೆ ನಾಲ್ಕಂಕಿಯದು.

ಗಲ್ಲಿಯ ಅಂಗಡಿಯಲ್ಲಿ ಬೆಲೆ ಅಷ್ಟಿರಲಿಲ್ಲ. ಚೌಕಾಸಿ ಮಾಡಿ ಒಂದನ್ನು ತೆಗೆದುಕೊಂಡೆ. ಬಟ್ಟೆಯನ್ನು ಬೆರಳ ನಡುವೆ ಉಜ್ಜಿದೆ, ಗಟ್ಟಿಯಾಗಿತ್ತು. ಕುತ್ತಿಗೆಯ ಒಳಗೆ ಹೊಲಿದ ಚೀಟಿಯ ಮೇಲೆ ಯಾವುದೋ ಇಂಗ್ಲಿಷ್ ಹೆಸರು, ಅದರ ಕೆಳಗೆ ಒಂದು ಕುದುರೆ. ಹುಡುಗ ಕಾಗದದ ಚೀಲಕ್ಕೆ ಹಾಕುವಾಗ ಸುಮ್ಮನೆ ಕೇಳಿದೆ: ಹೆಸರು ಫಾರಿನ್‌ದು ಸರಿ, ಮಾಲು ಎಲ್ಲಿಂದ ತರಿಸುತ್ತೀರಿ?

“ಮಾಲಾ? ಮಾಲು ಬಳ್ಳಾರಿದು ಅಂಕಲ್. ಅಲ್ಲಿ ಮನೆಮನೆಯಲ್ಲಿ ಹೊಲೀತಾರೆ.”